ಕೊಡಚಾದ್ರಿ ಜೀಪಿನ ನೆತ್ತಿಯ ಭಾರ

ಕೊಲ್ಲೂರಿನಲ್ಲಿ ದೇವಿಯ ದರ್ಶನ ಮುಗಿಸಿ ಹೊರಬಂದವರನ್ನು ಮೊದಲು ಮಾತನಾಡಿಸುವವರು ಜೀಪಿನವರು. ‘ಕೊಡಚಾದ್ರಿಗೆ ಹೋಗ್ತೀರಾ ಸಾರ್?’ 1343 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಯ ಸಮೀಪದವರೆಗೆ ನಡೆಯದೆ ತಲುಪಬೇಕೆಂದರೆ ಅವರೇ ಗತಿ. ನಾಗೋಡಿ ಘಾಟಿ ಹತ್ತಿ, ನಿಟ್ಟೂರಿನ ಮೂಲಕ ಕಟ್ಟಿನಹೊಳೆಗೆ ಬಂದು, ಅಲ್ಲಿಂದ ಮೇಲಕ್ಕೆ. ಒಟ್ಟು ಸುಮಾರು 40 ಕಿ.ಮೀ. ಮೊದಲ ಭಾಗ ಡಾಂಬರು. ಕೊನೆಯ ಭಾಗವನ್ನು ರಸ್ತೆ ಎಂದು ಕರೆಯುವುದು ಜೀಪಿನವರ ಔದಾರ್ಯ.

ಮಗಳ ಕಾಲೇಜಿನ ಚಾರಣಕ್ಕೆ ಪೋಷಕರ ಪರವಾಗಿ ಜೊತೆಗೆ ಹೋದವನು ನಾನು. ಎರಡು ಜೀಪು ಗೊತ್ತುಮಾಡಿದ್ದೆವು. ಚಾಲಕ ಚಹಾ ಕುಡಿದು ಬರುವಷ್ಟರಲ್ಲಿ ಹುಡುಗರು ನಮ್ಮ ಜೀಪಿನ ಕ್ಯಾರಿಯರ್ ಮೇಲೆ ಎಲ್ಲವನ್ನೂ ಏರಿಸಿ ಹಗ್ಗ ಬಿಗಿದಿದ್ದರು: ಎಂಟು ಬ್ಯಾಗು, 20 ಲೀಟರಿನ ಎರಡು ನೀರಿನ ಕ್ಯಾನು, 25 ಕಿಲೋ ಅಕ್ಕಿ ಮೂಟೆ, ಪಾತ್ರೆಗಳ ಗಂಟು. ಚಾಲಕ ಒಮ್ಮೆ ಮೇಲೆ ನೋಡಿದ. ‘ಎಂತದು ಮಾರಾಯ್ರೆ, ಇದು ಜೀಪೋ ಲಾರಿಯೋ? ಎಲ್ಲ ಕೆಳಗೆ ಇಳಿಸಿ.’

ನಾನು ಹುಡುಗರ ಪರ ವಹಿಸಿದೆ. ಒಳಗೆ ಕಾಲು ಚಾಚಲು ಜಾಗ ಬೇಡವೇ? ಇಷ್ಟು ಗಟ್ಟಿ ಕಬ್ಬಿಣದ ಕ್ಯಾರಿಯರ್ ಇರುವುದಾದರೂ ಯಾತಕ್ಕೆ? ಆತ ವಾದಕ್ಕೆ ನಿಲ್ಲಲಿಲ್ಲ. ‘ಕ್ಯಾರಿಯರ್ ಮುರಿಯುವುದಿಲ್ಲ ಸಾರ್. ಜೀಪು ವಾಲ್ತದೆ’ ಎಂದಷ್ಟೇ ಹೇಳಿ ತಾನೇ ಹಗ್ಗ ಬಿಚ್ಚಿದ. ನೀರು, ಅಕ್ಕಿ, ಪಾತ್ರೆ ಸೀಟುಗಳ ನಡುವೆ ನೆಲಕ್ಕೆ ಬಂದವು. ಭಾರದ ಬ್ಯಾಗುಗಳು ಕಾಲ ಸಂದಿಗೆ. ಮೇಲೆ ಉಳಿದದ್ದು ಹಾಸಿಗೆ ಸುರುಳಿಗಳು ಮತ್ತು ಒಂದು ಟಾರ್ಪಾಲು. ಹುಡುಗನೊಬ್ಬ ‘ಹಾಗಾದರೆ ಮೇಲೆ ನಾನೇ ಕೂರುತ್ತೇನೆ’ ಎಂದಾಗ ಆತ ಉತ್ತರಿಸುವ ಗೋಜಿಗೇ ಹೋಗಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಂ ವಾಹನದ ಮೇಲ್ಭಾಗದಲ್ಲಿ, ಬಾನೆಟ್ಟಿನ ಮೇಲೆ, ಫುಟ್‌ಬೋರ್ಡಿನ ಮೇಲೆ ಪ್ರಯಾಣಿಸುವುದನ್ನು ನಿಷೇಧಿಸಿದೆ.

‘ಜೀಪು ವಾಲ್ತದೆ’ ಎಂಬ ಮಾತಿನ ಅರ್ಥ ತಿಳಿದದ್ದು ಕಟ್ಟಿನಹೊಳೆ ದಾಟಿದ ಮೇಲೆ. ಮಳೆನೀರು ಕೊರೆದ ಚರಂಡಿಯೇ ದಾರಿ. ಒಂದು ಚಕ್ರ ಬಂಡೆಯ ಮೇಲೆ, ಎದುರಿನದು ಮೊಣಕಾಲುದ್ದದ ಗುಂಡಿಯಲ್ಲಿ. ತಿರುವೊಂದರಲ್ಲಿ ಜೀಪು ಕಣಿವೆಯ ಕಡೆಗೆ ಎಷ್ಟು ಬಾಗಿತೆಂದರೆ ಕಿಟಕಿಯಲ್ಲಿ ಆಕಾಶ ಹೋಗಿ ಮರದ ತುದಿಗಳು ಕಂಡವು. ಅಲ್ಲಿಯವರೆಗೆ ಹಾಡುತ್ತಿದ್ದವರೆಲ್ಲ ಸುಮ್ಮನಾದರು. ಆ ಕ್ಷಣದಲ್ಲಿ ಅಕ್ಕಿ ಮೂಟೆ ನಮ್ಮ ತಲೆಯ ಮೇಲಿದ್ದಿದ್ದರೆ ಎಂದು ಯೋಚಿಸಿದವನು ನಾನೊಬ್ಬನೇ ಇರಲಾರೆ.

ಜೊತೆಗಿದ್ದ ಭೌತಶಾಸ್ತ್ರದ ಮೇಷ್ಟ್ರು ಮೇಲೆ ತಲುಪಿದ ಮೇಲೆ ನೋಟ್‌ಬುಕ್ಕು ತೆರೆದರು. ಜನ ಸೇರಿ ಜೀಪಿನ ತೂಕ 1800 ಕಿಲೋ, ಗುರುತ್ವ ಕೇಂದ್ರ ನೆಲದಿಂದ 75 ಸೆಂ.ಮೀ., ಎಡಬಲ ಚಕ್ರಗಳ ನಡುವೆ 130 ಸೆಂ.ಮೀ. ಎಂದು ಇಟ್ಟುಕೊಳ್ಳಿ ಎಂದರು. ಬ್ಯಾಗು, ನೀರು, ಅಕ್ಕಿ, ಪಾತ್ರೆ ಸೇರಿ 160 ಕಿಲೋ. ಅದನ್ನು ಎರಡು ಮೀಟರ್ ಎತ್ತರದಲ್ಲಿ ಹೇರಿದರೆ ಗುರುತ್ವ ಕೇಂದ್ರ 85 ಸೆಂ.ಮೀ.ಗೆ ಏರುತ್ತದೆ. ಅದೇ 160 ಕಿಲೋವನ್ನು ಜೀಪಿನ ನೆಲದಲ್ಲಿ, 60 ಸೆಂ.ಮೀ. ಎತ್ತರದಲ್ಲಿಟ್ಟರೆ? 74ಕ್ಕೆ ಇಳಿಯುತ್ತದೆ! ಮಗಳು ಎರಡು ಸಲ ಗುಣಿಸಿ ನೋಡಿದಳು, ಲೆಕ್ಕ ಸರಿಯಾಗಿಯೇ ಇತ್ತು. ಉರುಳುವ ಕೋನವನ್ನೂ ಹುಡುಗರೇ ತೆಗೆದರು. ಮೇಲೆ ಭಾರ ಹೇರದಿದ್ದಾಗ ಸುಮಾರು 41 ಡಿಗ್ರಿ, ಹೇರಿದಾಗ 37.

‘ನಾಲ್ಕೇ ಡಿಗ್ರಿ ತಾನೇ ಸಾರ್’ ಎಂದನೊಬ್ಬ. ಮೇಷ್ಟ್ರು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ. ಈ ಲೆಕ್ಕ ನಿಂತ ಜೀಪಿನದು, ಅಲುಗದ ಕಲ್ಲಿನ ಮೇಲಿನದು. ಓಡುವಾಗ ತಗ್ಗಿನ ಕಡೆಯ ಪಟ್ಟಾ ಕುಸಿಯುತ್ತದೆ. ಚಕ್ರ ಗುಂಡಿಗೆ ಬಿದ್ದ ಕೂಡಲೇ ಮೇಲಿನ ಭಾರ ಅದೇ ಕಡೆಗೆ ಬೀಸುತ್ತದೆ. ಹಗ್ಗ ಸಡಿಲವಾಗಿದ್ದರೆ ಜಾರುವುದೂ ಉಂಟು. ಉಳಿದ ಡಿಗ್ರಿಗಳನ್ನು ದಾರಿಯೇ ತಿಂದುಬಿಡುತ್ತದೆ.

ವಾಹನ ತಯಾರಕರ ಕೈಪಿಡಿ ನೋಡಿದರೂ ಇದೇ ಎಚ್ಚರಿಕೆ. 2019ರಲ್ಲಿ ಹೊಸ ರೂಪದಲ್ಲಿ ಬಂದ ಲ್ಯಾಂಡ್ ರೋವರ್ ಡಿಫೆಂಡರ್ ನಿಂತಾಗ ನೆತ್ತಿಯ ಮೇಲೆ 300 ಕಿಲೋ ಹೊರಬಲ್ಲದು. ಮೇಲೆ ಗುಡಾರ ಹೂಡಿ ಮಲಗಬಹುದು. ಓಡುವಾಗ ಮಾತ್ರ ಹೆಚ್ಚೆಂದರೆ 168 ಕಿಲೋ. 2018ರಲ್ಲಿ ಬಂದ ಮೂರು ಬಾಗಿಲಿನ ಸುಜುಕಿ ಜಿಮ್ನಿಗಂತೂ ಬರೀ 30 ಕಿಲೋ. ಮನೆಯ ತುಂಬಿದ ಗ್ಯಾಸ್ ಸಿಲಿಂಡರ್ ಒಂದರ ತೂಕವೇ ಅಷ್ಟು! ಸಾಮಾನ್ಯವಾಗಿ ಕ್ಯಾರಿಯರಿನ ಸ್ವಂತ ತೂಕವೂ ಈ ಮಿತಿಯೊಳಗೇ ಸೇರಿರುತ್ತದೆ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ. ಇನ್ನು ಕಚ್ಚಾ ದಾರಿಯಲ್ಲಾದರೆ ಡಾಂಬರಿನ ಮಿತಿಯ ಮೂರನೇ ಎರಡರಷ್ಟು ಮಾತ್ರ ಹೇರಿ ಎನ್ನುವ ಕ್ಯಾರಿಯರ್ ತಯಾರಕರಿದ್ದಾರೆ. ಅಂದರೆ 90 ಕಿಲೋ ಎಂದು ಬರೆದಿದ್ದರೆ ಬೆಟ್ಟದಲ್ಲಿ 60. ಅದರಲ್ಲಿ ಕ್ಯಾರಿಯರ್ 30 ಕಿಲೋ ತೂಗಿದರೆ ಸಾಮಾನಿಗೆ ಉಳಿಯುವುದು 30 ಕಿಲೋ.

ಕ್ಯಾನ್‌ವಾಸ್ ಹೊದಿಕೆಯ ಹಳೆಯ ಜೀಪಿಗೆ ಹೊರಲು ಮಾಡೇ ಇಲ್ಲ. ಕಬ್ಬಿಣದ ಚೌಕಟ್ಟು ಬೆಸೆದು, ಅದರ ಮೇಲೆ ಕ್ಯಾರಿಯರ್ ಕೂರಿಸಿರುತ್ತಾರೆ. ಊರಿನ ಗ್ಯಾರೇಜಿನಲ್ಲಿ ಮಾಡಿಸಿದ್ದಕ್ಕೆ ಕೈಪಿಡಿ ಎಲ್ಲಿಂದ ಬರಬೇಕು? ಮಿತಿ ಇರುವುದು ಚಾಲಕನ ಕಣ್ಣಿನಲ್ಲಿ. ಆ ಕಣ್ಣು ಎಲ್ಲರಿಗೂ ಇರುವುದಿಲ್ಲ. ಬಾಡಿಗೆ ಬಿಡಬಾರದೆಂದು, ಹೇರಿದ್ದಕ್ಕೆಲ್ಲ ‘ಆಯ್ತು ಸಾರ್’ ಎನ್ನುವವರನ್ನೂ ಬೇರೆ ಬೆಟ್ಟಗಳಲ್ಲಿ ಕಂಡಿದ್ದೇನೆ. ಆಗ ನನಗೆ ಅವರೇ ಒಳ್ಳೆಯವರೆನಿಸಿದ್ದರು.

ಮೂಲ ಮೂಕಾಂಬಿಕೆಯ ಗುಡಿ, ಅದರ ಬಳಿಯ ಕಬ್ಬಿಣದ ಕಂಬ ನೋಡಿ, ಅಲ್ಲಿಂದ ಸರ್ವಜ್ಞ ಪೀಠಕ್ಕೆ ನಡೆದೆವು. ಶಂಕರಾಚಾರ್ಯರು ತಪಸ್ಸು ಮಾಡಿದರೆಂಬ ಪ್ರತೀತಿಯ ಪುಟ್ಟ ಕಲ್ಲುಮಂಟಪವದು. ಮಂಜು ಸರಿದಾಗ ಪಶ್ಚಿಮಕ್ಕೆ ಕಾಡಿನ ಮಡಿಕೆಗಳ ಆಚೆ ಕರಾವಳಿ ಕಾಣಿಸಿ ಮರೆಯಾಯಿತು. ಕೊಂಡುಹೋದ ನೀರು ಸಾಕಾಯಿತು, ಅಕ್ಕಿ ಹೆಚ್ಚಾಯಿತು.

ಮರುದಿನ ಇಳಿಯುವ ಹೊತ್ತಿಗೆ ಬೆಟ್ಟದ ಮೇಲಿನ ಮನೆಯವರು ಎರಡು ಖಾಲಿ ಸಿಲಿಂಡರ್ ಕೊಟ್ಟು ಕೊಲ್ಲೂರಿಗೆ ಮುಟ್ಟಿಸಲು ಹೇಳಿದರು. ಈಗ ಜೀಪು ಹಗುರ, ಹೇಗೂ ಖಾಲಿ ಎಂದು ನಾನೇ ಒಂದನ್ನು ಟಾಪಿನ ಕಡೆ ಎತ್ತಿದೆ. ಚಾಲಕ ನನ್ನ ಕೈಯಿಂದ ತೆಗೆದುಕೊಂಡು ಸೀಟಿನ ಕೆಳಗೆ ತಳ್ಳಿದ. ಕೊಲ್ಲೂರಿನವರೆಗೂ ಅದರ ಮೇಲೆಯೇ ಕಾಲಿಟ್ಟುಕೊಂಡು ಬಂದೆ.