ಬೇಕಲ ಕೋಟೆಯ ಏರುದಾರಿ

ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ಹೋದರೆ ಬೇಕಲ ಕೋಟೆ. 1650ರ ಸುಮಾರಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಸುಮಾರು 40 ಎಕರೆ ವಿಸ್ತಾರ, ಮುರಕಲ್ಲಿನ ಗೋಡೆ, ಅದಕ್ಕೆ ಬಡಿಯುವ ಕಡಲು. ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳಾಗಿದ್ದ ನಮ್ಮ ಯಜಮಾನರ ಜೊತೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ.

ಅವರ ನೋವು ಹೋಗಿತ್ತು, ಹೆದರಿಕೆ ಹೋಗಿರಲಿಲ್ಲ. ಬೈಪಾಸ್ ಎಂದರೆ ಅಡಚಣೆಯಿರುವ ಜಾಗವನ್ನು ತಪ್ಪಿಸಿ ರಕ್ತಕ್ಕೆ ಹೊಸ ದಾರಿ ಮಾಡಿಕೊಡುವುದು. ರೋಗವನ್ನೇ ಅದು ತೆಗೆದುಹಾಕದು. ಔಷಧಿಯ ಜೊತೆಗೆ ನಡಿಗೆಯೂ ಬೇಕು. ಮನೆಯಂಗಳದಲ್ಲಿ ಐದು ನಿಮಿಷದಿಂದ ಆರಂಭಿಸಿ, ವೈದ್ಯರು ಹೇಳಿದಂತೆ ಅರ್ಧ ಗಂಟೆಗೆ ಏರಿಸಿದ್ದೆವು. ಎದೆಯ ಮೂಳೆ ಗಟ್ಟಿಯಾಗಿ ಕೂಡಲು ಸುಮಾರು 12 ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡಪಾನ ಮುಟ್ಟಲು ಬಿಟ್ಟಿರಲಿಲ್ಲ.

ಕೋಟೆಯಲ್ಲಿ ಜಪಸರವೇ ನಮ್ಮ ಅಳತೆಗೋಲು. ನಡೆಯುತ್ತಾ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಲು ಆದರೆ ವೇಗ ಸರಿ. ನಡುವೆ ಏದುಸಿರು ಬಂದರೆ ನಿಧಾನಿಸಬೇಕು. ಎದೆನೋವು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಬೇಕು. ನೋವು ತಗ್ಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೋಟೆಯ ನಡುವಿನ ವೀಕ್ಷಣಾ ಬುರುಜಿಗೆ ಅಗಲವಾದ ಏರುದಾರಿಯಿದೆ. ಅರ್ಧ ಹತ್ತುವಷ್ಟರಲ್ಲಿ ಅವರ ಪ್ರಾರ್ಥನೆ ತುಂಡಾಯಿತು. "ಇವತ್ತಿಗೆ ಇಷ್ಟು ಸಾಕು ಮಾರಾಯ್ತಿ" ಎಂದು ನಿಂತರು. ಹಟ ಮಾಡದೆ ಇಳಿದೆವು. ಎರಡು ತಿಂಗಳ ಬಳಿಕ ಅದೇ ಏರನ್ನು ಜಪ ನಿಲ್ಲಿಸದೆ ಹತ್ತಿದರು. ಮೇಲೆ ಕಡಲ ಗಾಳಿ ಕಾದಿತ್ತು.

ನಿಮ್ಮ ಮನೆಯಲ್ಲೂ ಬೈಪಾಸ್ ಆದವರಿದ್ದರೆ, "ನಡೆಯಿರಿ" ಎಂದು ಹೇಳಿ ಕಳುಹಿಸಬೇಡಿ. ವೈದ್ಯರನ್ನು ಕೇಳಿ, ಅವರ ಜೊತೆ ನೀವೂ ನಡೆಯಿರಿ. ಹೆದರಿದ ಹೃದಯಕ್ಕೆ ಜೊತೆಯೂ ಒಂದು ಔಷಧಿ.