ಪದ್ಮಿನಿಗೆ ಎಷ್ಟು ಗಾಳಿ ಬೇಕು?

ಹಳೆಯ ಕಾರು ಇಟ್ಟುಕೊಂಡವರಿಗೆ ಪುಕ್ಕಟೆ ಸಿಗುವ ಸಲಹೆ ಒಂದಿದೆ: ದೊಡ್ಡ ಕಾರ್ಬ್ಯುರೇಟರ್ ಹಾಕಿಸಿ, ಗಾಡಿ ಹಾರುತ್ತದೆ. ಮುಂಬೈಯಲ್ಲಿ ಈ ಸಲಹೆಗೆ ಹೆಚ್ಚಾಗಿ ಬಲಿಯಾಗುವುದು ಪ್ರೀಮಿಯರ್ ಪದ್ಮಿನಿ.

ಪದ್ಮಿನಿ ಈ ಊರಿನದೇ ಮಗಳು. ಇಟಲಿಯ ಫಿಯಟ್ 1100, ಪ್ರೀಮಿಯರ್ ಆಟೊಮೊಬೈಲ್ಸ್‌ನ ಕುರ್ಲಾ ಕಾರ್ಖಾನೆಯಲ್ಲಿ ತಯಾರಾಗುತ್ತಾ 1970ರ ದಶಕದಲ್ಲಿ ಈ ಹೆಸರು ಪಡೆಯಿತು. ಕಪ್ಪು-ಹಳದಿ ಟ್ಯಾಕ್ಸಿಯಾಗಿ ನಗರವನ್ನು ಹೊತ್ತು ತಿರುಗಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 20 ವರ್ಷಗಳ ಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಟ್ಯಾಕ್ಸಿಗಳು ಮರೆಯಾದವು. ಈಗ ಉಳಿದಿರುವುದು ಮನೆಯವರು ಜತನ ಮಾಡಿಕೊಂಡ ಕೆಲವು ಖಾಸಗಿ ಕಾರುಗಳು.

ಚೆಂಬೂರಿನ ಕಟ್ಟಡವೊಂದರ ಕೆಳಗೆ ಅಂಥದೊಂದು ನಿಂತಿದೆ ಎಂದಿಟ್ಟುಕೊಳ್ಳಿ. ಅಪ್ಪ ಕೊಂಡದ್ದು, ಮಗನಿಗೆ ಅದರಲ್ಲಿ ಎರಡು ಬಾಯಿಯ ವೆಬರ್ ಕೂರಿಸುವ ಆಸೆ. ಅಪ್ಪ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಓಡಿಸುವುದು ಎಲ್ಲಿ?

ಲೆಕ್ಕ ಸರಳ. ಎಂಜಿನ್ 1089 ಸಿಸಿ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 5000 ಸುತ್ತಿನಲ್ಲಿ ಅದು ಸುಮಾರು 2700 ಲೀಟರ್. ವಾಲ್ವು, ಕೊಳವೆಗಳ ಅಡ್ಡಿ ಕಳೆದು ಶೇ. 80 ಎಂದು ಹಿಡಿದರೆ ಸುಮಾರು 2200 ಲೀಟರ್. ಇದು ಹೊಟ್ಟೆ ಬಿರಿಯುವ ಊಟ. ಸಾಯನ್ ಸರ್ಕಲ್ಲಿನ ದಟ್ಟಣೆಯಲ್ಲಿ 1500 ಸುತ್ತಿನಲ್ಲಿ ತೆವಳುವಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಬೇಕಾಗುವುದು 650 ಲೀಟರ್. ಅಲ್ಲಿ ಪೂರ್ತಿ ಒತ್ತುವವರಾದರೂ ಯಾರು?

ಕಾರ್ಬ್ಯುರೇಟರ್ ಪೆಟ್ರೋಲನ್ನು ತಳ್ಳುವುದಿಲ್ಲ. ಒಳಗಿನ ಇಕ್ಕಟ್ಟಾದ ಕುತ್ತಿಗೆಯಲ್ಲಿ, ಅಂದರೆ ವೆಂಚುರಿಯಲ್ಲಿ, ಗಾಳಿ ವೇಗ ಪಡೆದು ಒತ್ತಡ ಕುಸಿಯುತ್ತದೆ. ಆ ಕುಸಿತವೇ ಪೆಟ್ರೋಲನ್ನು ಎಳೆದು ಚದುರಿಸುತ್ತದೆ. ನೀರಿನ ಪೈಪಿನ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದವರಿಗೆ ಇದು ಗೊತ್ತು. ಈ ಕುತ್ತಿಗೆಯನ್ನು 22 ಮಿ.ಮೀ.ಯಿಂದ 28ಕ್ಕೆ ಹಿಗ್ಗಿಸಿದರೆ ದಾರಿಯ ವಿಸ್ತೀರ್ಣ ಶೇ. 60ಕ್ಕೂ ಹೆಚ್ಚು ಹಿಗ್ಗುತ್ತದೆ, ಅಷ್ಟೇ ಗಾಳಿಗೆ ಎಳೆತ ಮಾತ್ರ ಶೇ. 38ಕ್ಕೆ ಇಳಿಯುತ್ತದೆ. ಸಿಗ್ನಲ್ ಬಿಟ್ಟೊಡನೆ ಕಾಲು ಒತ್ತಿದರೆ ಗಾಡಿ ಮುಗ್ಗರಿಸುತ್ತದೆ. ಅದನ್ನು ಮುಚ್ಚಲು ಜೆಟ್ ದೊಡ್ಡದಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮೈಲೇಜು ಕರಗುತ್ತದೆ, ಕೊನೆಗೆ ಹೊಗೆ ತಪಾಸಣೆಯಲ್ಲಿ ಗಾಡಿ ನಪಾಸಾಗುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಳ್ಳಬೇಕು. ಹೊಗೆಯುಗುಳುವ ಪದ್ಮಿನಿಗೆ ಉಳಿಯುವುದು ಗುಜರಿಯ ದಾರಿ.

ತೀರಾ ಚಿಕ್ಕದೂ ಒಳ್ಳೆಯದಲ್ಲ. ಖಂಡಾಳಾ ಘಾಟಿ ಹತ್ತುವಾಗ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಆದರೆ ವರ್ಷಕ್ಕೆರಡು ಬಾರಿಯ ಘಾಟಿಗಾಗಿ ದಿನದಿನದ ಸಾಯನ್ ಅನ್ನು ಕೆಡಿಸಿಕೊಳ್ಳುವುದು ಜಾಣತನವಲ್ಲ.

ಗೊಂದಲ ಹುಟ್ಟುವುದು 'ಸೈಜ್' ಎಂಬ ಒಂದೇ ಮಾತು ಮೂರು ಅಳತೆಗಳಿಗೆ ಬಳಕೆಯಾಗುವುದರಿಂದ. ಸೋಲೆಕ್ಸ್‌ನ ಮೈಮೇಲಿನ 32 ಎಂಬಂಥ ಅಂಕಿ ಥ್ರಾಟಲ್ ಬಾಯಿಯದು. ಒಳಗಿನ ವೆಂಚುರಿ ಅದಕ್ಕಿಂತ ಕಿರಿದು. ಮೂರನೆಯದು ಜೆಟ್ಟಿನ ತೂತು: ಅದರ ಮೇಲೆ 120 ಎಂದಿದ್ದರೆ 1.20 ಮಿ.ಮೀ. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಅಷ್ಟೇ ಗಾಳಿಗೆ ಸುಮಾರು ಶೇ. 8ರಷ್ಟು ಹೆಚ್ಚು ಇಂಧನ ಬೇಕು. ಹಳೆಯ ಜೆಟ್ಟಿನಲ್ಲಿ ಎಂಜಿನ್ ಹಸಿದು ಕಾಯುತ್ತದೆ. ಪರಿಹಾರ ದೊಡ್ಡ ಕಾರ್ಬ್ಯುರೇಟರ್ ಅಲ್ಲ, 120ರ ಜಾಗದಲ್ಲಿ 125ರ ಜೆಟ್: ತೂತಿನ ವಿಸ್ತೀರ್ಣ ಶೇ. 8ರಷ್ಟು ಹಿಗ್ಗುತ್ತದೆ. ಜೊತೆಗೆ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಬದಲಿಸಬೇಕು; ಎಥನಾಲ್ ಅವನ್ನು ತಿನ್ನುತ್ತದೆ.

ಇಷ್ಟಕ್ಕೂ ಮೊದಲು ಥ್ರಾಟಲಿನ ದಂಡವನ್ನು ಹಿಡಿದು ಅಲುಗಿಸಿ ನೋಡಬೇಕು. ದಶಕಗಳ ಓಟದಲ್ಲಿ ಅದರ ತೂತು ಸವೆದು, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿರುತ್ತದೆ. 'ಚಿಕ್ಕದಾಯಿತು' ಎಂದು ಬಯ್ಯಿಸಿಕೊಳ್ಳುವ ಎಷ್ಟೋ ಕಾರ್ಬ್ಯುರೇಟರುಗಳು ಚಿಕ್ಕವಲ್ಲ, ಸವೆದವು. ಅದಕ್ಕೆ ಬುಷ್ ಹಾಕಿಸಿ, ಕಂಪನಿ ಕೊಟ್ಟ ಸೈಜಿನಲ್ಲೇ ಒಂದು ವಾರ ಆಫೀಸಿಗೆ ಓಡಿಸಿ, ಪ್ಲಗ್ ಬಿಚ್ಚಿ ನೋಡಲಿ. ಕಂದು ಬಣ್ಣ ಕಂಡರೆ ವೆಬರ್‌ನ ದುಡ್ಡು ಉಳಿಯಿತು. ಅದರಲ್ಲಿ ಬ್ರೇಕು ಸರಿ ಮಾಡಿಸಬಹುದು.