ಪೌತಿ ಖಾತೆ

ಶುಕ್ರವಾರ ಮಧ್ಯಾಹ್ನ ಮಸ್ಕತ್ತಿನ ವಾದಿ ಕಬೀರಿನಲ್ಲಿ ಊಟ ಮುಗಿದ ಮೇಲೆ ಮಾಡುವಂಥದ್ದು ಏನೂ ಇರುವುದಿಲ್ಲ. ಕಿಟಕಿಯಾಚೆ ಹುಲ್ಲುಕಡ್ಡಿಯೂ ಹುಟ್ಟದ ಕಂದು ಗುಡ್ಡ, ಈಚೆ ಏಸಿಯದೊಂದು ಗೊರಕೆ, ನನ್ನದೊಂದು. ಅಂಥ ಒಂದು ಶುಕ್ರವಾರ, ಮಗಳು ಬೆಂಗಳೂರಿನಿಂದ ಕಳಿಸುವ ವಿಡಿಯೋಗಳಿಗೆ ಜಾಗ ಮಾಡೋಣವೆಂದು ಹಳೆಯ ಹಾರ್ಡ್‌ಡಿಸ್ಕನ್ನು ಕಪಾಟಿನ ಮೇಲಿನಿಂದ ಇಳಿಸಿದೆ. ಅದರ ಕಂಪ್ಯೂಟರು ತೀರಿಕೊಂಡು ಎಷ್ಟೋ ವರ್ಷವಾಯಿತು. ಡಿಸ್ಕನ್ನು ಮಾತ್ರ ರೂವಿಯ ಅಂಗಡಿಯೊಂದರಲ್ಲಿ ಡಬ್ಬಿಗೆ ಹಾಕಿಸಿ, ಗೋಕರ್ಣಕ್ಕೆ ಒಯ್ಯಬೇಕಾದ ಅಸ್ಥಿಯ ಹಾಗೆ ಇಟ್ಟುಕೊಂಡಿದ್ದೆವು.

‘ಹಳೇದು’ ಎಂಬ ಫೋಲ್ಡರಿನ ಮೇಲೆ ಡಿಲೀಟ್ ಒತ್ತಿದೆ. ಆಗಲಿಲ್ಲ. ಇದನ್ನು ಮುಟ್ಟಬೇಕಾದರೆ ಎಸ್-1-5-21 ಎಂದು ಶುರುವಾಗಿ ರೈಲಿನಷ್ಟು ಉದ್ದ ಸಾಗಿ 1003ರಲ್ಲಿ ನಿಲ್ಲುವ ಒಬ್ಬರ ಅನುಮತಿ ಬೇಕಂತೆ.

ಅನುಮತಿ ಎಂದರೆ ಸಾಕು, ಗಲ್ಫಿನವನ ಬೆನ್ನು ತಾನಾಗಿ ಬಾಗುತ್ತದೆ. ಇಲ್ಲಿ ಕೆಲಸ ಬದಲಿಸಲು ಹಳೆಯ ಯಜಮಾನನ ಎನ್‌ಒಸಿ ಬೇಕಿದ್ದ ಕಾಲವೊಂದಿತ್ತು. ಆ ಒಂದು ಹಾಳೆಗಾಗಿ ನಾನು ಒಂದು ಮೇಜಿನ ಮುಂದೆ ನಿಂತದ್ದೂ, ‘ನಾಳೆ ನೋಡೋಣ’ ಅನ್ನಿಸಿಕೊಂಡು ಬಂದದ್ದೂ ಉಂಟು. 2021ರ ಜನವರಿಯಲ್ಲಿ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿತು. ಅಷ್ಟು ಹೊತ್ತಿಗೆ ಇನ್ನೊಂದು ಕಡೆ ಹೋಗಬೇಕೆಂಬ ಆಸೆ ನನ್ನಿಂದ ಎನ್‌ಒಸಿ ಕೇಳದೆಯೇ ಹೊರಟುಹೋಗಿತ್ತು. ಆದರೆ ಮನೆಯೊಳಗೆ, ಲುಂಗಿಯುಟ್ಟು, ನನ್ನದೇ ದುಡ್ಡಿನ ಡಿಸ್ಕಿನ ಮುಂದೆಯೂ ಅದೇ ಪಾಡೆ? ನಾನೇ ಅಡ್ಮಿನಿಸ್ಟ್ರೇಟರ್ ಎಂದು ಲ್ಯಾಪ್‌ಟಾಪು ಒಪ್ಪುತ್ತದೆ. ಡಿಲೀಟ್ ಮಾತ್ರ ಮಾಡುವುದಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ.

ಸಂಗತಿ ಇಷ್ಟೇ. ವಿಂಡೋಸಿಗೆ ನಮ್ಮ ಹೆಸರಿನ ಮೇಲೆ ನಂಬಿಕೆಯಿಲ್ಲ. ಒಂದೊಂದು ಅಕೌಂಟಿಗೂ ಅದು ಒಂದು ಸಂಖ್ಯೆ ಕೊಟ್ಟು, ಫೋಲ್ಡರಿನ ಮೇಲೆ ಮಾಲೀಕನೆಂದು ಆ ಸಂಖ್ಯೆಯನ್ನೇ ಕೆತ್ತಿಡುತ್ತದೆ. ಹೊಸ ಯಂತ್ರದಲ್ಲಿ ಅದೇ ಹೆಸರಿಟ್ಟುಕೊಂಡು ಹೋದರೂ ಸಂಖ್ಯೆ ಬೇರೆ, ಆದ್ದರಿಂದ ಮನುಷ್ಯನೂ ಬೇರೆ. ಸೆಕ್ಯುರಿಟಿ ಪುಟ ತೆರೆದರೆ 1003ನೆಯವರ ಎದುರು ‘ಅಕೌಂಟ್ ಅನ್‌ನೋನ್’ ಎಂದಿತ್ತು. ಯಾರೀ ಅಪರಿಚಿತ ಎಂದು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ನಾನೇ. 2006ರಲ್ಲಿ ಎಕ್ಸ್‌ಪಿ ಹಾಕಿಸಿದಾಗ ‘ಅಪ್ಪ’ ಎಂದು ಅಕೌಂಟು ಮಾಡಿಕೊಂಡು, ಮಗಳು ಆಟವಾಡುತ್ತ ಎಲ್ಲಿ ಅಳಿಸಿಬಿಡುತ್ತಾಳೋ ಎಂದು ‘ಪ್ರೈವೇಟ್’ ಎಂಬಲ್ಲಿ ಟಿಕ್ಕು ಹಾಕಿದ್ದೆ. ತಲೆತುಂಬ ಕೂದಲಿದ್ದ ಆ ಅಪ್ಪ ಈಗ ನನಗೂ ಬಾಗಿಲು ತೆಗೆಯುತ್ತಿಲ್ಲ.

ನಮ್ಮೂರ ಭಾಷೆಯಲ್ಲಿ ಇದು ಪೌತಿ ಖಾತೆಯ ಕೇಸು. ಖಾತೆದಾರ ತೀರಿಕೊಂಡಿದ್ದಾನೆ, ವಾರಸುದಾರ ಅರ್ಜಿ ಹಿಡಿದು ನಿಂತಿದ್ದಾನೆ. ಇಬ್ಬರೂ ಒಬ್ಬನೇ ಆಗಿರುವುದಷ್ಟೇ ವಿಶೇಷ. ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್, ಓನರ್, ಚೇಂಜ್ ಎಂದು ಕಚೇರಿಯಿಂದ ಕಚೇರಿಗೆ ಅಲೆದೆ. ಮೊದಲ ಸಲ ಒಳಗಿನ ಫೋಲ್ಡರುಗಳಿಗೂ ಇದೇ ಮಾಲೀಕ ಎಂಬ ಚೌಕಕ್ಕೆ ಟಿಕ್ಕು ಹಾಕಲು ಮರೆತು, ಜಗಲಿ ನನ್ನದಾಯಿತು, ಒಳಮನೆ ಅವನಲ್ಲೇ ಉಳಿಯಿತು. ಎರಡನೆಯ ಸಲ ಎಲ್ಲವೂ ನನ್ನ ಹೆಸರಿಗೆ ಬಂತು. ಆದರೂ ಡಿಲೀಟ್ ಆಗಲಿಲ್ಲ! ಖಾತೆ ಆದರೆ ಸಾಲದು, ಪಹಣಿಯಲ್ಲೂ ಹೆಸರು ಕೂರಬೇಕು: ಮಾಲೀಕನಾದವನು ತನಗೆ ತಾನೇ ‘ಫುಲ್ ಕಂಟ್ರೋಲ್’ ಬರೆದುಕೊಳ್ಳಬೇಕು. ಕೊನೆಗೆ ಕಪ್ಪು ಕಿಟಕಿ ತೆರೆದು ಟೇಕೋನ್ ಎಂಬ ಮಂತ್ರ, ಹಿಂದೆಯೇ ಐಕ್ಯಾಕಲ್ಸ್ ಎಂಬ ಇನ್ನೊಂದು. ಸಾಲುಸಾಲಾಗಿ ಅಕ್ಷರ ಓಡಿ, ಒಂದು ಲೋಟ ಚಹಾ ಮುಗಿಯುವುದರೊಳಗೆ ಆಸ್ತಿ ಕೈಸೇರಿತು. ಪುತ್ತೂರಿನ ತೋಟ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ರಜೆಗೆ ಹೋದಾಗಲೆಲ್ಲ ತಮ್ಮ ಫೈಲು ಹಿಡಿದು ಬರುತ್ತಾನೆ. ಇರಲಿ.

ಗೆದ್ದ ಮೇಲೆ ಒಳಗೇನಿದೆಯೆಂದು ನೋಡದಿರಲು ಆಗುತ್ತದೆಯೇ. 2007ರ ಜೂನಿನ ಗೋನು ಚಂಡಮಾರುತ: ಇಲ್ಲಿಯ ಶುಕ್ರವಾರ ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡ ನನ್ನ ಮೊದಲ ಕಾರು, ಕಿಟಕಿಯ ಮಟ್ಟದವರೆಗೆ ಕೆಸರು, ಅದರ ಬಾನೆಟ್ಟಿನ ಮೇಲೆ ಯಾರದೋ ಒಂಟಿ ಚಪ್ಪಲಿ. ವರ್ಷವಿಡೀ ಒಣಗಿ ಬಿದ್ದಿರುವ ಕಣಿವೆಗೆ ‘ದೊಡ್ಡ ಹೊಳೆ’ ಎಂಬ ಅರ್ಥದ ಹೆಸರು ಏಕಿಟ್ಟರೆಂದು ಆ ವಾರ ತಿಳಿದಿತ್ತು. ಪಕ್ಕದ ಫೋಲ್ಡರಿನ ಹೆಸರು ‘ಗುರುವಾರ’. ಆಗ ವಾರದ ರಜೆ ಗುರುವಾರ–ಶುಕ್ರವಾರ ಇತ್ತು. 2013ರ ಮೇ ತಿಂಗಳಿನಿಂದ ಶುಕ್ರ–ಶನಿ ಆಯಿತು. ನಖಲಿನ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಬಿಟ್ಟು ಕೂತ ಮಗಳು. ಚಿತ್ರಾನ್ನದ ಡಬ್ಬಿ. ಈಗ ಊರಿಗೆ ಮರಳಿದ, ಫೋನೂ ಮಾಡದ ಎರಡು ಸಂಸಾರ.

“ಏನು, ಸದ್ದೇ ಇಲ್ಲ?” ಎಂದು ಇವಳು ಅಡಿಗೆಮನೆಯಿಂದ ಬಂದಳು. ಕುರ್ಚಿ ಎಳೆದುಕೊಂಡು ಒಂದೊಂದೇ ಪಟ ನೋಡಿದಳು. ಆಮೇಲೆ ನನ್ನ ಕೈಯಿಂದ ಮೌಸು ಕಿತ್ತುಕೊಂಡು, ತಾನು ದಪ್ಪ ಕಾಣುವ ಮೂರು ಪಟಗಳನ್ನು ಹುಡುಕಿ ಹುಡುಕಿ ಅಳಿಸಿದಳು. ಯಾರ ಅನುಮತಿಯನ್ನೂ ಕೇಳಲಿಲ್ಲ, ಯಂತ್ರವೂ ಚಕಾರವೆತ್ತಲಿಲ್ಲ. ಉದ್ದಿಗೆ ನೀರು ಹಾಕಬೇಕೆಂದು ಎದ್ದುಹೋದಳು.

ಖಾಲಿಯಾದ ಜಾಗ ನಾಲ್ಕು ಎಂಬಿ.